ಹುಣಸೆಮರದಡಿಯ ನೀಲಿ ಕುರ್ಚಿ

ತೊಡೆಯ ಮೇಲಿನ ಲಸಿಕೆ ಪೆಟ್ಟಿಗೆಯಲ್ಲಿ ಐಸು ಕರಗಿ ಗಳಗಳ ಅನ್ನುತ್ತಿದೆ, ಪೋರೂರು ಸಿಗ್ನಲಿನಲ್ಲಿ ವ್ಯಾನು ಅಲ್ಲಾಡುತ್ತಿಲ್ಲ, ಬೃಂದಾ ಮುಚ್ಚಳ ಒತ್ತಿ ಹಿಡಿದಳು, ಒತ್ತಿದರೆ ಸದ್ದು ಅಡಗುತ್ತದೆಯೇ — ಒಂದು ಮಗುವಿಗೂ ಚುಚ್ಚದೆ ವಾಪಸ್ಸು, ಕಾಡು ಬಿಟ್ಟು ಕೆರೆಯಂಚಿಗೆ ಬಂದ ಇರುಳರ ಆ ಹಟ್ಟಿಯಲ್ಲಿ ನರಪಿಳ್ಳೆಯೂ ಇರಲಿಲ್ಲ, ಗುಡಿಸಿದ ಅಂಗಳ, ಹುಣಸೆಮರದಡಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ, ಅಷ್ಟೇ, ಎಲ್ಲರೂ ಲಾರಿ ಹತ್ತಿ ಮಹಾಬಲಿಪುರಕ್ಕೆ, ಮಾಸಿ ತಿಂಗಳ ಹುಣ್ಣಿಮೆ, ಅವರ ಕನ್ನಿಯಮ್ಮ ದೇವಿ ಕಡಲಿನಿಂದ ಬರುವ ದಿನ, ಗೊತ್ತಿರಲಿಲ್ಲವೇ, ಗೊತ್ತಿತ್ತು, ಹೋದ ವಾರವೇ ಹಟ್ಟಿಯ ಮುನಿಯಮ್ಮ ಕೈಹಿಡಿದು ಹೇಳಿದ್ದಳು, ಪೌರ್ಣಮಿಕ್ಕು ನಾಂಗ ಇರಮಾಟ್ಟೋಂ ತಾಯಿ, ಕಡಲ್ಕರೆಗೇ ವಾಂಗ — ನಾವಿರಲ್ಲ, ದಂಡೆಗೇ ಬನ್ನಿ, ಸುತ್ತಲ ಹಟ್ಟಿಗಳ ಮಕ್ಕಳೆಲ್ಲ ಅಲ್ಲೇ ಸಿಗುತ್ತಾರೆ, ಇದಕ್ಕಿಂತ ಸಲೀಸು ಏನಿತ್ತು, ಬೇರೆ ದಿನ ಹೋಗೋಣವೆಂದರೆ ಡಾಕ್ಟರಿಗೆ ಬಿಡುವಿದ್ದದ್ದು ಇವತ್ತೊಂದೇ ದಿನ, ಮರಳಿನ ಮೇಲೆ ಯಾರಾದರೂ ಕ್ಯಾಂಪು ಹಾಕುತ್ತಾರೆಯೇ, ಮುನಿಯಮ್ಮನಿಗೆ ನೋಡೋಣ ಅಂದು ಬೃಂದಾ ಎದ್ದು ಬಂದಿದ್ದಳು, ಮಂಡ್ಯದ ಅಜ್ಜಿ ಇದ್ದಿದ್ದರೆ ಕೇಳುತ್ತಿದ್ದಳು, ಮಾರಿಹಬ್ಬದ ದಿವ್ಸ ಯಾರಾರ ಸೂಜಿ ಹಿಡ್ಕೊಂಡ್ ಬಂದ್ರೆ ನಿಮ್ಮವ್ವ ಬಾಗ್ಲು ತೆಗೀತಿದ್ಲೇನೇ.

ಅದಾದರೂ ಹೋಗಲಿ, ಅನ್ನಬಹುದಿತ್ತು, ತಪ್ಪು ನನ್ನದು ಸಾರ್ ಅಂತ, ಈಗಷ್ಟೇ ಕೋಡಂಬಾಕ್ಕಂ ಆಫೀಸಿನಿಂದ ಮೇಲಧಿಕಾರಿ ತಿರುಮಲ ಫೋನು ಮಾಡಿ ಏನಾಯ್ತು ಅಂದಾಗ, ಆದರೆ ನಾಲಿಗೆ ತಾನಾಗಿ ಹೊರಳಿತು, ಜನ ಸಹಕರಿಸಲಿಲ್ಲ ಸಾರ್, ಅತ್ತಲಿಂದ ತಿರುಮಲ, ಸರಿ ವಿಡುಮ್ಮಾ, ಹೋಗ್ಲಿ ಬಿಡು, ಬೇಡಾಂದವರ ಹಿಂದೆ ಯಾಕೆ ಓಡೋದು, ಆ ಹಟ್ಟಿ ಬಿಟ್ಬಿಡು, ಬರೋ ತಿಂಗ್ಳಿಂದ ವ್ಯಾನ್ ಮಣಲಿ ಕಡೆ ಹೋಗ್ಲಿ, ಸರಿ ಸಾರ್ ಅಂದಳು, ಸರಿ ಅಂದೇಬಿಟ್ಟಳು — ಹೋದ ಬೇಸಿಗೆ ದಡಾರದಲ್ಲಿ ಮುನಿಯಮ್ಮನ ಮೊಮ್ಮಗ ಹೋದ, ಈಗ ಉಳಿದಿರುವುದು ಅವನ ತಂಗಿ, ಹಲ್ಲು ಬಾರದ ಕೂಸು, ಇನ್ನು ಅದರ ಬಾಗಿಲಿಗೆ ಯಾರೂ ಹೋಗುವುದಿಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ, ಪೂಜಾರಿ ಯಾರು, ತಾನೇ, ನಾಚಿಕೆಯಾಗುತ್ತದೆ, ಫೋನು ಕೈಯಲ್ಲೇ ಇದೆ, ಒತ್ತಿದರೆ ಸಾಕು, ಸಾರ್, ಅವರು ಬೇಡ ಅನ್ನಲಿಲ್ಲ ಸಾರ್ — ಹಸಿರು ದೀಪ, ವ್ಯಾನು ಹೊರಟಿತು, ಹೆಬ್ಬೆರಳು ಗುಂಡಿಯ ಮೇಲೆಯೇ ಉಳಿದಿದೆ, ತಾವಿರುವುದಿಲ್ಲ ಎಂದು ಹೇಳಿಯೂ, ಇವಳು ಮಾತು ಕೇಳದೆ ಬಂದೇ ಬರುತ್ತಾಳೆಂದು ತಿಳಿದು, ಬಂದವಳು ಬಿಸಿಲಲ್ಲಿ ನಿಲ್ಲಬಾರದೆಂದು, ಹೊರಡುವ ಅವಸರದಲ್ಲೂ ಯಾರೋ ಅಂಗಳ ಗುಡಿಸಿ, ನೀರು ಚಿಮುಕಿಸಿ, ಹುಣಸೆಯ ನೆರಳು ನೋಡಿ ಹಾಕಿಟ್ಟ ಕುರ್ಚಿ, ನೀಲಿ ಕುರ್ಚಿ, ಅದರ ಮೇಲೆ ಒಗೆದು ಮಡಿಸಿಟ್ಟ ಟವೆಲ್ಲು.