ಪೇಟೆ ರಸ್ತೆಯ ಹಿಂದಿನ ನೀರು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಜಿಲ್ಲಾ ಕಚೇರಿಯ ಎಂಜಿನಿಯರ್ ತನ್ನ ಸ್ವಂತ ಅಕ್ಕನ ಶಿಶುವಿಹಾರವನ್ನು ಪ್ರವಾಹ ನಕ್ಷೆಯ ಕೆಂಪು ಗೆರೆಯೊಳಗೆ ಸೇರಿಸಿದಳು.

ಕೆಂಪು ಗೆರೆಯೊಳಗೆ ನೆಲಮಹಡಿಯಲ್ಲಿ ಶಾಲೆ ನಡೆಸುವಂತಿಲ್ಲ. ಶುಕ್ರವಾರ ಸಮಿತಿ ನಕ್ಷೆಗೆ ಒಪ್ಪಿಗೆ ಕೊಟ್ಟರೆ ಅದೇ ಕಾನೂನು. ಅಕ್ಕ ಇಪ್ಪತ್ತು ವರ್ಷ ಬೇರೆಯವರ ಶಾಲೆಯಲ್ಲಿ ದುಡಿದು, ಪೇಟೆ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಕಟ್ಟಡ ಹಿಡಿದಿದ್ದಳು. ಗೋಡೆಗೆ ಬಣ್ಣ ನಡೆಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಚೇರಿಗೇ ಬಂದಳು.

"ಲೇ, ಇಡೀ ಜಿಲ್ಲೇಲಿ ಮುಳುಗಿಸೋಕೆ ನಿನಗೆ ನಾನೇ ಸಿಕ್ಕಿದ್ದಾ?"

"ನಾನಲ್ಲ ಅಕ್ಕ, ಹಳೇ ವರದಿ. ಪೇಟೆ ರಸ್ತೆ ಮೇಲೆ ಸೊಂಟದವರೆಗೆ ಹೊಳೆ ನೀರು ನಿಂತಿತ್ತು ಅಂತ ಬರೆದಿದೆ."

"ಅದನ್ನ ಬರೆದೋನು ಎಂದೋ ಸತ್ತ. ನಾನಿನ್ನೂ ಬದುಕಿದ್ದೀನಲ್ಲ, ನನ್ನನ್ನ ಕೇಳು."

ಪಕ್ಕದ ಮೇಜಿನವರು ಕಡತದ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಕಚೇರಿಯಲ್ಲಿ ತಂಗಿಯ ಅಡ್ಡಹೆಸರು 'ಯಾರ ಸೊಂಟ'. ಜಿಲ್ಲೆಯ ಪ್ರವಾಹಗಳ ಚರಿತ್ರೆ ಬರೆಯುವ ಕೆಲಸ ಅವಳ ಪಾಲಿಗೆ ಬಂದಾಗ, ಸೊಂಟದವರೆಗೆ, ಎದೆಮಟ್ಟ ಎಂದಿದ್ದ ಪ್ರತಿ ವರದಿಯ ಬಗ್ಗೆಯೂ ಅವಳು ಕೇಳಿದ್ದು ಅದೊಂದೇ ಪ್ರಶ್ನೆ: ಯಾರ ಸೊಂಟ? ಉತ್ತರ ಸಿಗದಿದ್ದಾಗ ಆ ಜಾಗಕ್ಕೇ ಹೋಗುತ್ತಿದ್ದಳು. ಉಳಿದವರು ಕುರ್ಚಿ ಬಿಡದೆ ಮುಗಿಸುತ್ತಿದ್ದ ಕೆಲಸಕ್ಕೆ ಅವಳು ಚಪ್ಪಲಿ ಸವೆಸುತ್ತಿದ್ದಳು. ಅವಳ ಗೆರೆಗಳನ್ನು ಯಾರೂ ಎರಡನೇ ಸಲ ತಿದ್ದಬೇಕಾಗಿ ಬರುತ್ತಿರಲಿಲ್ಲ.

ಪೇಟೆ ರಸ್ತೆಯ ಗೆರೆ ಮಾತ್ರ ಅವಳು ಹೋಗಿ ನೋಡಿ ಎಳೆದದ್ದಲ್ಲ. ಹಿಂದಿನವರು ಮಾಡಿಟ್ಟಿದ್ದ ಲೆಕ್ಕವನ್ನು ಹಾಗೇ ತೆಗೆದುಕೊಂಡಿದ್ದಳು. ಬುಧವಾರ ಬೆಳಿಗ್ಗೆ ಅಲ್ಲಿಗೆ ಹೋದಳು.

ಕ್ಷೌರದಂಗಡಿಗೆ ರಸ್ತೆಯಿಂದ ಎರಡು ಮೆಟ್ಟಿಲು ಕೆಳಗಿಳಿಯಬೇಕಿತ್ತು. ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಏನಮ್ಮ, ಹೆಂಗಸರಿಗೆ ಇಲ್ಲಿ ಕಟಿಂಗ್ ಇಲ್ಲ," ಎಂದ ಕ್ಷೌರಿಕ, ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತದೆ.

"ಅಂಗಡೀನ ಇಷ್ಟು ತಗ್ಗಿಗೆ ಯಾಕೆ ಕಟ್ಟಿದ್ದು?"

"ಅದನ್ನ ನಮ್ಮ ತಾತನ್ನೇ ಕೇಳಬೇಕು. ತಾತ ಫೋಟೊದಲ್ಲಿದ್ದಾರೆ, ಮಾತಾಡಲ್ಲ."

ಯಾವ ಅಂಗಡಿಯವನೂ ಬೇಕೆಂದೇ ಗುಂಡಿಯಲ್ಲಿ ಅಂಗಡಿ ಕಟ್ಟುವುದಿಲ್ಲ. ಹಾಗಾದರೆ ಮೇಲೆದ್ದದ್ದು ರಸ್ತೆ. ತುಸು ಮುಂದೆ ಕೇಬಲ್ ಹಾಕಲು ರಸ್ತೆ ಅಗೆದಿದ್ದರು. ಅವಳು ಕಂದಕದ ಅಂಚಿನಲ್ಲಿ ಕೂತು ಟೇಪು ಇಳಿಬಿಟ್ಟಳು. ಡಾಂಬರಿನ ಕೆಳಗೆ ಡಾಂಬರು, ಅದರ ಕೆಳಗೆ ಮತ್ತೆ ಡಾಂಬರು, ಎಲ್ಲಕ್ಕೂ ಕೆಳಗೆ ಹಳೆಯ ಕಲ್ಲುಹಾಸು. ಪ್ರತಿ ಸಲ ದುರಸ್ತಿಗೆ ಬಂದವರು ಹಳೆಯದನ್ನು ಕೀಳದೆ ಹೊಸ ಪದರ ಬಳಿದು ಹೋಗಿದ್ದರು. ರಸ್ತೆ ಮೊಣಕಾಲಿನಷ್ಟು ಬೆಳೆದಿತ್ತು.

ಸೊಂಟದವರೆಗೆ ನೀರು ನಿಂತದ್ದು ಆ ಕಲ್ಲುಹಾಸಿನ ಮೇಲೆ. ಕಚೇರಿಯವರು ಆ ಸೊಂಟವನ್ನು ಇವತ್ತಿನ ಡಾಂಬರಿನ ಮೇಲೆ ತಂದು ನಿಲ್ಲಿಸಿದ್ದರು. ನಕ್ಷೆಯ ಪ್ರವಾಹ ನಿಜವಾದದ್ದಕ್ಕಿಂತ ಮೊಣಕಾಲುದ್ದ ಹೆಚ್ಚಾಗಿತ್ತು. ಅಷ್ಟು ಇಳಿಸಿದರೆ ಹೊಳೆ ನೀರು ಓಣಿಯ ಮುಂದೆ ಏರಿರುವ ರಸ್ತೆಯನ್ನು ದಾಟದು; ಅದರ ಹಿಂದೆ ತಗ್ಗಿನಲ್ಲಿರುವ ಶಿಶುವಿಹಾರ ಗೆರೆಯಿಂದ ಹೊರಗೆ.

ಅವಳ ಲೆಕ್ಕ ನೋಡಿ ಕಚೇರಿಯ ಮುಖ್ಯಸ್ಥರು ಕನ್ನಡಕ ತೆಗೆದರು. "ನಿಮ್ಮಕ್ಕನ ಶಾಲೆ ಅಂತ ಜನ ಆಡ್ಕೋತಾರಲ್ಲಮ್ಮ?"

"ಆಡ್ಕೊಳ್ಳಲಿ ಸರ್. ನನ್ನ ಟೇಪು ಬೇಡ. ಬೇರೆಯವರನ್ನ ಕಳಿಸಿ ಅಳೆಸಿ."

ಬೇರೆ ಸರ್ವೆಯರ್ ಹೋಗಿಬಂದ. ಅಳತೆ ಸರಿಯಿತ್ತು. ಮುಖ್ಯಸ್ಥರು ತಿದ್ದಿದ ನಕ್ಷೆಗೆ ಸಹಿ ಹಾಕಿದರು. ಅವಳು ಅಕ್ಕನಿಗೆ ಫೋನ್ ಮಾಡಿದಳು. "ನಿನಗೆ ಬೈದದ್ದೆಲ್ಲ ವಾಪಸ್ ತಗೊಂಡೆ. ಅರ್ಧ ಮಾತ್ರ," ಎಂದಳು ಅಕ್ಕ.

ಗುರುವಾರ ಅವಳು ಅದೇ ರಸ್ತೆಯ ಹಳೆಯ ವರದಿಯನ್ನು ಕೊನೆಯವರೆಗೆ ಓದುತ್ತಿದ್ದಳು. ಗುಡ್ಡದ ಕಡೆಯಿಂದ ಬಂದ ಮಳೆನೀರು ಪೇಟೆ ರಸ್ತೆ ದಾಟಿ ಸಂಜೆಯೊಳಗೆ ಹೊಳೆ ಸೇರಿತು ಎಂದು ಅಲ್ಲಿತ್ತು. ಅದನ್ನು ಓದಿ ಅವಳು ಕುಡಿಯುತ್ತಿದ್ದ ಟೀ ಕೆಳಗಿಟ್ಟಳು. ಈಗ ಆ ನೀರು ದಾಟುವುದು ಹೇಗೆ? ಮೊಣಕಾಲುದ್ದ ಎದ್ದ ರಸ್ತೆ ಈಗ ಒಡ್ಡು. ಶಿಶುವಿಹಾರ ಇರುವುದು ಗುಡ್ಡದ ಕಡೆ. ಹೊಳೆ ಅಲ್ಲಿಗೆ ಬರುವುದಿಲ್ಲ, ನಿಜ. ಆದರೆ ಓಣಿಗೆ ಇಳಿದ ಮಳೆನೀರು ಅಲ್ಲಿಂದ ಕದಲುವುದೂ ಇಲ್ಲ.

ಸಂಜೆಯವರೆಗೆ ಲೆಕ್ಕ ಹಾಕಿದಳು. ಮೂರು ಸಲವೂ ಬಂದ ಉತ್ತರ ಒಂದೇ. ನಕ್ಷೆ ಹಿಡಿದು ಮತ್ತೆ ಮುಖ್ಯಸ್ಥರ ಮುಂದೆ ನಿಂತಳು.

"ಸಹಿ ಆಗಿದೆಯಲ್ಲಮ್ಮ. ಇದನ್ನ ಯಾರೂ ಕೇಳಿಲ್ಲವಲ್ಲ?"

"ನಾನು ಕೇಳ್ಕೊಂಡೆ ಸರ್."

ಅವರು ಅವಳ ಮುಖವನ್ನೇ ನೋಡಿದರು. ಆಮೇಲೆ ಸಹಿ ಹಾಕಿದ್ದ ಹಾಳೆಯನ್ನು ತಾವೇ ಹರಿದರು.

ಅಕ್ಕನಿಗೆ ಫೋನ್ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ನೇರ ಶಿಶುವಿಹಾರಕ್ಕೆ ಹೋದಳು. ದೊಡ್ಡ ಕೋಣೆಗೆ ಹಳದಿ ಬಣ್ಣ ಬಂದಿತ್ತು. ಪುಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಕ್ಕಳ ಚೀಲಕ್ಕೆಂದು ಗೋಡೆಯ ಉದ್ದಕ್ಕೂ ಮೊಳೆ ಹೊಡೆಸಿತ್ತು. ಅವಳು ರಸ್ತೆಯ ವಿಷಯವನ್ನು ಮೊದಲಿಂದ ಹೇಳಿದಳು.

"ನಿನ್ನೆ ಇಲ್ಲ ಅಂದೆ, ಇವತ್ತು ಇದೆ ಅಂತೀಯ. ನಾಳೆ?"

"ನಾಳೆಯೂ ಇದೆ ಅಕ್ಕ. ನಿನ್ನೆ ನಾನು ಅರ್ಧ ನೋಡಿದ್ದೆ."

"ಎಲ್ಲಿವರೆಗೆ ಬರುತ್ತೆ?"

ಅವಳು ಗೋಡೆಯ ಮೇಲೆ ಅಂಗೈ ಇಟ್ಟು ತೋರಿಸಿದಳು. ಚೀಲದ ಮೊಳೆಗಳಿಗಿಂತ ಒಂದು ಗೇಣು ಮೇಲೆ.

ಅಕ್ಕ ಹತ್ತಿರ ಬಂದು ಆ ಕೈಯನ್ನೂ ಮೊಳೆಗಳನ್ನೂ ನೋಡಿದಳು. ಕುರ್ಚಿಯೊಂದನ್ನು ಎಳೆದು ಕೂತಳು. ಅದು ಮಕ್ಕಳ ಕುರ್ಚಿ. ಅವಳ ಮೊಣಕಾಲು ಗಲ್ಲದ ತನಕ ಬಂತು.

"ಬೆಳಿಗ್ಗೆನೇ ಹೇಳಬಾರದಿತ್ತೇನೇ? ಪೇಂಟರಿಗೆ ಎರಡನೇ ಕೋಟು ಬೇಡ ಅಂತಿದ್ದೆ," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ನಾಳೆ ಮೀಟಿಂಗಲ್ಲಿ ತಡವರಿಸಬೇಡ. ಗಟ್ಟಿಯಾಗಿ ಹೇಳು. ನಿನ್ನ ದನಿ ಹಿಂದಿನ ಬೆಂಚಿಗೆ ಯಾವತ್ತೂ ಕೇಳಲ್ಲ," ಎಂದಳು.

ಶುಕ್ರವಾರದ ಸಭೆಯಲ್ಲಿ ಅವಳು ಗಟ್ಟಿಯಾಗಿಯೇ ಹೇಳಿದಳು. ಪೇಟೆ ರಸ್ತೆಯ ಹಿಂದಿನ ಇಡೀ ಓಣಿ ಕೆಂಪು ಗೆರೆಯೊಳಗೆ ಸೇರಿತು. ಶಿಶುವಿಹಾರ ಆ ವರ್ಷ ತೆರೆಯಲಿಲ್ಲ. ರಸ್ತೆಯಡಿ ನೀರು ದಾಟಲು ಮೋರಿ ಹಾಕುವ ಕೆಲಸ ಮುಂದಿನ ಬೇಸಿಗೆಯಲ್ಲಿ ಆರಂಭವಾಯಿತು.