ನಾಲ್ಕು ಮೂಲೆ

ಲೆನ್ಸ್ ಕೊಳ್ಳುವ ಮೊದಲು ನನಗೊಮ್ಮೆ ತೋರಿಸುವುದು ಪುತ್ತೂರು, ಸುಳ್ಯ, ಕಡಬದ ಫೋಟೋಗ್ರಾಫರುಗಳ ರೂಢಿ. ಹೊಸದಾದರೂ ತರುತ್ತಾರೆ, ಯಾರೋ ಬಳಸಿ ಬಿಟ್ಟದ್ದಾದರೂ ತರುತ್ತಾರೆ. "ತೀರ್ಥರಾಮಣ್ಣ ಆಗಬಹುದು ಅಂದ್ರೆ ಆಗಬಹುದು" ಎಂಬ ಮಾತು ಕೇಳಿ ಕೇಳಿ ನನಗೆ ಸ್ವಲ್ಪ ತಲೆಗೇರಿತ್ತು. ಈಗ ಅದನ್ನು ಒಪ್ಪಿಕೊಳ್ಳದೆ ಬೇರೆ ದಾರಿ ಇಲ್ಲ.

ನನ್ನ ಪರೀಕ್ಷೆ ಸರಳ. ಸ್ಟುಡಿಯೋದ ಗೋಡೆಗೆ ದೊಡ್ಡದೊಂದು ಗ್ರಾಫ್ ಹಾಳೆ ಅಂಟಿಸಿದ್ದೇನೆ. ನಾಲ್ಕು ಮೂಲೆಗಳಲ್ಲಿ ಅಂಗೈ ಅಗಲದ ಅಂಕಿಗಳು, ನಡುವೆ ಒಂದು ಕಪ್ಪು ಚುಕ್ಕೆ. ಟ್ರೈಪಾಡ್ ನಿಲ್ಲಿಸಿ ಹಾಳೆಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಹಿಗ್ಗಿಸಿ ಮೂಲೆಗಳನ್ನು ನೋಡುತ್ತೇನೆ. ಗೆರೆ ಬಾಗಿದೆಯೇ, ಅಂಕಿಯ ಅಂಚು ಮಸುಕಾಗಿದೆಯೇ, ಅಷ್ಟೇ. ಲೆನ್ಸಿನ ಬಂಡವಾಳ ಬಯಲಾಗುವುದು ಅಲ್ಲಿ. ನಡುವನ್ನು ನಾನು ನೋಡುವುದೇ ಇಲ್ಲ. ಎಂಥ ಕಳಪೆ ಲೆನ್ಸಾದರೂ ನಡುವೆ ಚೆನ್ನಾಗಿಯೇ ಇರುತ್ತದೆ, ಹೊಸಬರು ಅದನ್ನು ನೋಡಿಯೇ ಟೋಪಿ ಹಾಕಿಸಿಕೊಳ್ಳುತ್ತಾರೆ ಎಂದು ಎಷ್ಟೋ ಜನರಿಗೆ ಭಾಷಣ ಬಿಗಿದಿದ್ದೇನೆ.

ಕಳೆದ ವರ್ಷ ಮಗಳು ಪ್ರೀತಿಕಾ ಐದನೇ ತರಗತಿಯಲ್ಲಿದ್ದಾಗ ಗಣಿತದ ಟೀಚರ್ ನನ್ನನ್ನು ಶಾಲೆಗೆ ಕರೆಸಿದರು.

"ಬೋರ್ಡಿನ ಲೆಕ್ಕ ಅರ್ಧಂಬರ್ಧ ಬರೀತಾಳೆ. ಒಮ್ಮೆ ಕಣ್ಣಿನ ಡಾಕ್ಟ್ರಿಗೆ ತೋರಿಸಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಕಣ್ಣಿನಿಂದಲೇ ಹೊಟ್ಟೆ ಹೊರೆಯುವವನ ಮಗಳ ಕಣ್ಣಿನಲ್ಲಿ ದೋಷ ಹುಡುಕುವುದೇ? ಆ ಸಂಜೆಯೇ ಅವಳನ್ನು ಹಾಳೆಯ ಎದುರು ನಿಲ್ಲಿಸಿ ಮೂಲೆ ಓದಿಸಿದೆ. ಎಂಟು, ಮೂರು, ಐದು, ಆರು. ನಾಲ್ಕನ್ನೂ ಪಟಪಟನೆ ಹೇಳಿದಳು. ಟೀಚರಿಗೆ ಕಲಿಸಲು ಬರುವುದಿಲ್ಲ ಎಂದು ತೀರ್ಪು ಕೊಟ್ಟು, ಮರುವಾರವೇ ಶಾಲೆ ಬಿಡಿಸಿದೆ.

ಮನೆಯಲ್ಲೇ ಪಾಠ ಶುರುವಾಯಿತು. ನನ್ನದು ಅರೆಭಾಷೆ, ಹೆಂಡತಿ ನವ್ಯಾಳದು ತುಳು, ಪಾಠಕ್ಕೂ ಜಗಳಕ್ಕೂ ಕನ್ನಡ. ಅವಳು ಹಗಲು ಸೊಸೈಟಿಯ ಕೆಲಸಕ್ಕೆ ಹೋಗುವುದರಿಂದ ಗಣಿತ ನನ್ನ ಪಾಲಿಗೆ ಬಂತು. ಸ್ಟುಡಿಯೋದ ಒಂದು ಮೇಜು ಪ್ರೀತಿಕಾಳ ತರಗತಿಯಾಯಿತು.

ಗಣಿತದ ಪುಸ್ತಕಗಳನ್ನೂ ನಾನು ಲೆನ್ಸಿನ ಹಾಗೆಯೇ ಪರೀಕ್ಷಿಸಿದೆ. ಒಂದು ಡೈರಿಯಲ್ಲಿ ಒಂದೊಂದರ ಗುಣದೋಷ ಬರೆದಿಟ್ಟೆ. ಮೊದಲನೆಯ ಪುಸ್ತಕದಲ್ಲಿ ನಾನೂರ ಐದನ್ನು ಮೂರರಿಂದ ಗುಣಿಸಬೇಕಿತ್ತು. ಅವಳು ನಲವತ್ತೈದು ಎಂದು ಬರೆದುಕೊಂಡು ಗುಣಿಸಿದ್ದಳು. ನಡುವಿನ ಸೊನ್ನೆ ಮಾಯ. ಡೈರಿಯಲ್ಲಿ ಬರೆದೆ: "ಅಂಕಿ ಸಣ್ಣ, ಒತ್ತೊತ್ತು. ಆಗದು." ಎರಡನೆಯದಕ್ಕೆ: "ಬಣ್ಣ ಜಾಸ್ತಿ, ಗಮನ ಹಾರುತ್ತದೆ. ಆಗದು." ಆನ್‌ಲೈನಿನಲ್ಲಿ ತರಿಸಿದ ಮೂರನೆಯದರಲ್ಲಿ ಪುಟಕ್ಕೆ ನಾಲ್ಕೇ ಲೆಕ್ಕ, ಗೋಲಿಯಷ್ಟು ದೊಡ್ಡ ಅಂಕಿ. ಅದರಲ್ಲಿ ಅವಳು ಒಂದೂ ತಪ್ಪಿಲ್ಲದೆ ಮಾಡಿದಳು. "ಆಗಬಹುದು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಮಕ್ಕಳನ್ನು ಮನೆಯಲ್ಲೇ ಓದಿಸುವ ಇನ್ನಿಬ್ಬರಿಗೂ ಅದೇ ಪುಸ್ತಕ ಕೊಳ್ಳಲು ಹೇಳಿದೆ.

ಎರಡು ತಿಂಗಳು ಕಳೆದವು. ಗೋಲಿಯಷ್ಟು ದೊಡ್ಡ ಸೊನ್ನೆಯೂ ಮಾಯವಾಗತೊಡಗಿತು.

"ನಡುವಿನದ್ದು ನುಂಗಿ ನುಂಗಿ ಹೊಟ್ಟೆ ತುಂಬಿತಾ ನಿಂಗೆ?" ಎಂದು ಗದರಿದೆ.

ಅವಳು ತಲೆ ಎತ್ತಿ ನನ್ನ ಕಿವಿಯನ್ನು ನೋಡಿದಳು. ಅದು ಅವಳ ಹೊಸ ಚಾಳಿ. ಏನೇ ಮಾತಾಡಿಸಿದರೂ ಮುಖ ಬಿಟ್ಟು ಕಿವಿಯ ಕಡೆ ನೋಡುತ್ತಿದ್ದಳು. ಅಹಂಕಾರ ಎಂದುಕೊಂಡೆ. ನನ್ನದೇ ರಕ್ತವಲ್ಲವೇ.

"ಮುಖ ನೋಡಿ ಮಾತಾಡು. ಕಿವಿಯಲ್ಲಿ ಎಂತ ಉಂಟು?"

ಅವಳು ತಲೆ ತಗ್ಗಿಸಿ ಮತ್ತೆ ಲೆಕ್ಕ ಬರೆಯತೊಡಗಿದಳು.

ನವ್ಯಾ ಇದನ್ನೆಲ್ಲ ನೋಡುತ್ತಿದ್ದಳು. ಮಗಳು ಲೋಟಕ್ಕೆ ನೀರು ಹೊಯ್ಯುವಾಗ ಬೆರಳನ್ನು ಒಳಗಿಟ್ಟು ಅಂದಾಜು ಮಾಡುವುದನ್ನು ಗಮನಿಸಿದ್ದೂ ಅವಳೇ. "ಮೂರು ಪುಸ್ತಕವೂ ಹಾಳಿರ್ಲಿಕ್ಕೆ ಉಂಟಾ? ಒಮ್ಮೆ ಮಂಗಳೂರಿಗೆ ಹೋಗಿ ತೋರಿಸಿ ಬರುವ" ಎಂದಳು.

"ಮೂಲೆ ಓದಿದ್ದಾಳೆ. ಅದಕ್ಕಿಂತ ಹೆಚ್ಚು ಎಂತ ಬೇಕು ನಿಂಗೆ?"

"ಅಂಕಿ ಬಾಯಿಪಾಠ ಆಗಿರಬಹುದು."

ಆ ಮಾತಿಗೆ ಸಿಟ್ಟು ಬಂದು, ಹೊಸ ಅಂಕಿಗಳನ್ನು ಅಂಟಿಸಿ ನವ್ಯಾಳ ಎದುರೇ ಓದಿಸಿದೆ. ಪ್ರೀತಿಕಾ ಕುತ್ತಿಗೆ ಓರೆ ಮಾಡಿ, ಏನೋ ಕಳೆದುಕೊಂಡವರ ಹಾಗೆ ಹುಡುಕಿ ಹುಡುಕಿ ಓದಿದಳು. ಹೊತ್ತು ಹಿಡಿಯಿತು, ಆದರೆ ನಾಲ್ಕೂ ಸರಿ ಇದ್ದವು. ನಾನು ಗೆದ್ದವನಂತೆ ನವ್ಯಾಳನ್ನು ನೋಡಿದೆ. ಅವಳ ಮುಖದಲ್ಲಿದ್ದದ್ದು ಸೋಲಲ್ಲ, ಹೆದರಿಕೆ. ನನಗೂ ಒಳಗೆ ಒಮ್ಮೆ ಚುಳ್ಳೆಂದಿತು, ಸುಳ್ಳು ಹೇಳಲಾರೆ. ಆದರೆ ಹೇಳಿದ ಮಾತು ಹಿಂದೆ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ.

ಹೋದ ಗುರುವಾರ ಕಡಬದಿಂದ ಶಹನಾ ಬಂದಳು. ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುವವಳು, ಕೆಲಸದಲ್ಲಿ ಗಟ್ಟಿ. ಕೊಯಿಲದ ಯಾರದೋ ಹಳೆಯ ಲೆನ್ಸೊಂದನ್ನು ಕೊಳ್ಳುವ ಮೊದಲು ನನಗೆ ತೋರಿಸಲು ತಂದಿದ್ದಳು. ಮುಖಗಳ ಫೋಟೋಗೆಂದೇ ಮಾಡಿದ ಲೆನ್ಸ್. ನಾನು ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯೇ ನೋಡಿದೆ. ಹಾಳೆಯ ಫೋಟೋ ತೆಗೆದು ಮೂಲೆಗಳನ್ನು ನೋಡಿದೆ. ಚೊಕ್ಕವಾಗಿತ್ತು.

"ಆಗಬಹುದು" ಎಂದೆ.

"ಒಂದು ಮುಖ ತೆಗೆದು ನೋಡುವ ಅಣ್ಣ. ಗೋಡೆ ಎಂತ ಮದುಮಗಳಾ?" ಎಂದು ನಕ್ಕು, ಅವಳು ಪ್ರೀತಿಕಾಳನ್ನು ಸ್ಟೂಲಿನ ಮೇಲೆ ಕೂರಿಸಿ, ತನ್ನ ಮಗಳನ್ನೇ ಕರೆಯುವಂತೆ ಕರೆದಳು. "ಮೋಳೇ, ಲೆನ್ಸ್ ನೋಡು. ಇಲ್ಲೇ, ಸರಿಯಾಗಿ ಇಲ್ಲೇ."

ಹನ್ನೆರಡು ಫೋಟೋ ತೆಗೆದಳು. ಕಂಪ್ಯೂಟರಿನಲ್ಲಿ ತೆರೆದು ಕಣ್ಣುಗಳನ್ನು ಹಿಗ್ಗಿಸಿದೆವು. ರೆಪ್ಪೆಯ ಕೂದಲು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಶಹನಾ ಒಂದೊಂದನ್ನೇ ಮುಂದೆ ಸರಿಸುತ್ತಾ ಹೋದಳು. ಅವಳ ನಗು ನಿಧಾನವಾಗಿ ಇಳಿಯಿತು.

"ಫೋಕಸ್ ಸರಿ ಉಂಟು ಅಣ್ಣ. ಆದ್ರೆ ಮಗು ಎಲ್ಲಿ ನೋಡ್ತಾ ಉಂಟು?"

ಹನ್ನೆರಡರಲ್ಲೂ ನೋಟ ಲೆನ್ಸಿನಿಂದ ಪಕ್ಕಕ್ಕೆ ಸರಿದಿತ್ತು. ಅದೂ ಪ್ರತಿ ಸಲ ಒಂದೇ ಕಡೆಗೆ, ಒಂದೇ ಅಳತೆಯಷ್ಟು. ಅಹಂಕಾರ ಅಳತೆ ಹಿಡಿದು ಬರುವುದಿಲ್ಲ.

"ಲೆನ್ಸ್ ನೋಡು ಅಂತ ಅಕ್ಕ ಹೇಳಿದ್ದಲ್ವಾ?" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು.

"ನೋಡಿದ್ದೇನೆ ಅಪ್ಪ. ಸೀದ ನೋಡಿದ್ರೆ ಲೆನ್ಸ್ ಇರುದಿಲ್ಲ."

ಶಹನಾ ಕ್ಯಾಮೆರಾ ಆಫ್ ಮಾಡಿ ಮೇಜಿನ ಮೇಲಿಟ್ಟಳು. ಲೆನ್ಸಿನ ಮಾತು ಮತ್ತೆ ಎತ್ತಲಿಲ್ಲ.

ನಾನು ಮಗಳ ಕೈ ಹಿಡಿದು ಗೋಡೆಯ ಹಾಳೆಯ ಮುಂದೆ ನಿಲ್ಲಿಸಿದೆ. ಇಷ್ಟು ವರ್ಷ ಯಾವ ಲೆನ್ಸಿಗೂ ಕೇಳದ ಪ್ರಶ್ನೆಯನ್ನು ಅವಳಿಗೆ ಕೇಳಿದೆ.

"ನಡುವಿನ ಚುಕ್ಕೆ ನೋಡು."

"ಯಾವ ಚುಕ್ಕೆ?"

ಅವಳು ಹತ್ತಿರ ಹೋಗಿ ಹಾಳೆಯ ಮೇಲೆ ಅಂಗೈ ಆಡಿಸಿದಳು. ಬೆರಳು ಚುಕ್ಕೆಯ ಮೇಲೆಯೇ ಹಾದುಹೋಯಿತು.

"ನಡು ಇಲ್ಲ ಅಪ್ಪ. ಗೆರೆಗಳೆಲ್ಲ ಅಲ್ಲಿಗೆ ಬರುವಾಗ ಬಾಗ್ತವೆ. ಮತ್ತೆ ಎಂತ ಇಲ್ಲ. ಮೂಲೆ ನಾಲ್ಕೂ ಉಂಟು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಗಾ?"

"ಅಪ್ಪ ಮೂಲೆ ಮಾತ್ರ ಕೇಳಿದ್ದು."

ಅದರಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಅವಳೆದುರು ನೆಲದ ಮೇಲೆ ಕುಳಿತೆ. ಮೇಜಿನ ಮೇಲೆ ಡೈರಿ ತೆರೆದೇ ಇತ್ತು. ಒಂದು ವರ್ಷದಿಂದ ನಾನು ಬರೆದಿಟ್ಟದ್ದು ಪುಸ್ತಕಗಳ ದೋಷವಾಗಿರಲಿಲ್ಲ.

"ಯಾವಾಗಿಂದ ಹೀಗೆ?"

"ಶಾಲೆಗೆ ಹೋಗುವಾಗಲೇ ಇತ್ತು. ಆಗ ಸಣ್ಣದು, ಒಂದು ಸೊನ್ನೆಯಷ್ಟು."

"ಈಗ?"

ಅವಳು ನನ್ನನ್ನು ನೇರವಾಗಿ ನೋಡಿದಳು. ಹೀಗೆಯೇ ನೋಡು ಎಂದು ನಾನು ಗದರಿಸಿದ್ದಕ್ಕೆ ಲೆಕ್ಕವಿಲ್ಲ.

"ಈಗ ಅಪ್ಪನ ಮುಖದಷ್ಟು."

ನಾನು ಅಳುತ್ತಿರುವುದು ಉಸಿರಿನಿಂದ ಅವಳಿಗೆ ತಿಳಿದಿರಬೇಕು. ಸಮಾಧಾನ ಮಾಡುವವಳ ಹಾಗೆ ನೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.

"ಕಿವಿ ಕಾಣ್ತದೆ" ಎಂದಳು.