ಕೆಂಪೆಣ್ಣಿ ಬಾಹುಬಲಿ

ಮನುಷ್ಯರ ಮುಖ ನೋಡುವ ಮೊದಲು ಅವರ ಗಾಡಿ ನಿಂತ ನೆಲವನ್ನು ನೋಡುವವರನ್ನು ನಾನು ಕಂಡದ್ದು ಒಬ್ಬರನ್ನೇ. ಯಜಮಾನರು ತೀರಿಕೊಂಡು ವರ್ಷ ತುಂಬಿದ ಮೇಲೆ, ಕೆಲಸ ಕೇಳಲೆಂದು ಉಗಾರ ಖುರ್ದದ ಆ ಗ್ಯಾರೇಜಿಗೆ ಹೋದ ದಿನ, ಬಾಹುಬಲಿ ಮಿಸ್ತ್ರಿಗಳು ಕುಕ್ಕರಗಾಲಲ್ಲಿ ಕೂತು ರೊಟ್ಟಿಯಗಲದ ಎಣ್ಣೆಯ ಕಲೆಯೊಂದಕ್ಕೆ ಬೆರಳಿಟ್ಟಿದ್ದರು. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬೆರಳನ್ನು ನನ್ನ ಮುಂದೆ ಹಿಡಿದು, “ಮಾವಶಿ, ಇದು ಯಾವ ಬಣ್ಣ?” ಎಂದರು.

“ಕೆಂಪ ಅನ್ನಾಕ ಬರೂದಿಲ್ರಿ. ಮಣ್ಣ ಕೂಡಿದ ಕುಂಕುಮದಂಗ ಐತಿ.”

“ಥಾಂಬ್ರಿ ಜರಾ,” ಎಂದು ನನ್ನನ್ನು ತುಸು ತಡೆದು, ಬೆರಳನ್ನು ಬಿಸಿಲಿಗೆ ತಿರುಗಿಸಿ ನೋಡಿದರು. “ನಾಳಿಂದ ಬರ್ರಿ.”

ಬಿಚ್ಚಿದ ಸಾಮಾನುಗಳನ್ನು ಡೀಸೆಲಿನಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲಿಯೇ ಗೋಣಿಚೀಲದ ಮೇಲೆ ಹರವುವುದು ನನ್ನ ಪಾಲಿಗೆ ಬಂದ ಕೆಲಸ. ಹೀಗೆ ಒಂಬತ್ತು ವರ್ಷ ಅವರನ್ನು ನಾನು ನೆಲದ ಮಟ್ಟದಿಂದ ನೋಡಿದೆ. ಸುಡು ಬೇಸಿಗೆಯಲ್ಲೂ ಕೊರಳವರೆಗೆ ಗುಂಡಿ ಹಾಕಿದ ಖಾಕಿ ಕೋಟು, ಅದರ ಎರಡೂ ಕಿಸೆಗಳಲ್ಲಿ ನನ್ನ ಹಳೆಯ ಸೀರೆಯ ತುಂಡುಗಳು. ನೂಲು ಬಿಡುವ ಚಿಂದಿಯಿಂದ ಎಣ್ಣೆ ಅಳೆಯುವ ಕಡ್ಡಿ ಒರೆಸಿದವನನ್ನು ಅವರು ಅಂಗಳಕ್ಕೆ ಸೇರಿಸುತ್ತಿರಲಿಲ್ಲ. ನಡೆಯುವಾಗ ಏನನ್ನೋ ಕಳೆದುಕೊಂಡವರ ಹಾಗೆ ತಲೆ ತಗ್ಗಿಸಿಯೇ ನಡೆಯುತ್ತಿದ್ದರು. ಯಾವ ಮಾತಿಗೂ ಮುಂಚೆ ಒಂದು “ಥಾಂಬ್ರಿ ಜರಾ”. ಕಬ್ಬಿನ ಟ್ರ್ಯಾಕ್ಟರಿನವರು ಅವಸರದಲ್ಲಿ ಹಾರ್ನು ಬಾರಿಸಿದರೂ ಅಷ್ಟೇ, ಮನೆಯವರು ಊಟಕ್ಕೆ ಕರೆದರೂ ಅಷ್ಟೇ.

ಊರಿನವರು ಅವರಿಗಿಟ್ಟ ಹೆಸರು ಕೆಂಪೆಣ್ಣಿ ಬಾಹುಬಲಿ. ಅದರ ಹಿಂದಿನ ಕತೆಯನ್ನು ಯಾರೂ ಪಿಸುಗುಟ್ಟಬೇಕಾಗಿರಲಿಲ್ಲ, ಅವರೇ ಹೇಳುತ್ತಿದ್ದರು. ನಮ್ಮ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಪ್ರತಿ ಗ್ಯಾರೇಜಿನಲ್ಲೂ ಟ್ರ್ಯಾಕ್ಟರಿನ ಸ್ಟೇರಿಂಗಿಗೆ ಹಾಕುವ ಕೆಂಪೆಣ್ಣೆಯ ಡಬ್ಬಿ ಇದ್ದೇ ಇರುತ್ತದೆ. ಕಾಗವಾಡದ ಡಾಕ್ಟರರೊಬ್ಬರ ಹಳೆಯ ಗಾಡಿ ಬಂದಿತ್ತಂತೆ. ಕ್ಲಚ್ಚೇ ಇಲ್ಲದ, ತನ್ನ ಗೇರನ್ನು ತಾನೇ ಬದಲಿಸಿಕೊಳ್ಳುವ ಗಾಡಿ. ಅದರ ಗೇರಿನಿಂದಲೂ ಕೆಂಪೆಣ್ಣೆಯೇ ಇಳಿಯಿತು. ಕೆಂಪಿಗೆ ಕೆಂಪು ಎಂದು ಇವರು ಸ್ಟೇರಿಂಗಿನ ಡಬ್ಬಿ ಸುರಿದರು. ಆರು ತಿಂಗಳಲ್ಲಿ ಗೇರು ಸುಟ್ಟು ಕರಕಾಯಿತು. “ಡಾಕ್ಟರ್ ಒಂದ ಮಾತ ಬೈಲಿಲ್ರಿ ಮಾವಶಿ, ಅದ ನನ್ನ ಮನಸಿಗೆ ಭಾಳ ಹತ್ತಿತು,” ಎನ್ನುತ್ತಿದ್ದರು.

ಹೋದ ವರ್ಷ ಅಥಣಿ ಕಡೆಯ ದ್ರಾಕ್ಷಿ ತೋಟದ ಬಾಳಾಸಾಬರು ತಮ್ಮ ತಂದೆಯ ಕಾಲದ ಫೋರ್ಡ್ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಅದೂ ಕ್ಲಚ್ಚಿಲ್ಲದ ಜಾತಿ. ಗೇರು ಹಾಕಿದರೆ ಇಂಜಿನ್ನು ಬೊಬ್ಬೆ ಹೊಡೆಯುತ್ತಿತ್ತು, ಗಾಡಿ ನಿಂತಲ್ಲೇ ತೂಗುತ್ತಿತ್ತು. ಬರುವ ರವಿವಾರ ಕೊಲ್ಹಾಪುರದಲ್ಲಿ ಹಳೆಯ ಗಾಡಿಗಳ ಮೆರವಣಿಗೆ. ಮಗಳು ನೀಲಮ ಹೆಸರು ಬರೆಸಿಬಿಟ್ಟಿದ್ದಳು. ಜೊತೆಗೆ ಗಾಡಿಯ ಪುಸ್ತಕವನ್ನೂ ತಂದಿದ್ದರು. ಅದರಲ್ಲಿ ಬರೆದ ಎಣ್ಣೆ ಈಗ ತಯಾರಾಗುವುದಿಲ್ಲ, ಅದರ ಬದಲಿಗೆ ಸ್ಟೇರಿಂಗಿಗೆ ಹಾಕುವ ಕೆಂಪೆಣ್ಣೆ ನಡೆಯುತ್ತದೆ ಎಂದು ನೀಲಮ ಫೋನಿನಲ್ಲಿ ಹುಡುಕಿ ತೋರಿಸಿದಳು. ಪುಸ್ತಕವೂ ಹೇಳಿತು, ಫೋನೂ ಹೇಳಿತು, ಡಬ್ಬಿಯೂ ಕೈಯಳತೆಯಲ್ಲಿ ಇತ್ತು.

ಮಿಸ್ತ್ರಿಗಳು ಗೇರಿನಲ್ಲಿ ತಳಮುಟ್ಟಿದ್ದ ಹಳೆಯ ಎಣ್ಣೆ ಇಳಿಸಿ, ತಳದ ತಟ್ಟೆ ಬಿಚ್ಚಿ ನನ್ನ ಕಡೆ ಸರಿಸಿದರು. ತೊಳೆದು ಹರವಿದೆ. “ಎಷ್ಟ ಬೋಲ್ಟ್?” ಎಂದರು.

“ಹನ್ನೊಂದ್ರಿ.”

“ಥಾಂಬ್ರಿ ಜರಾ. ಇನ್ನೊಮ್ಮಿ ಎಣಸ್ರಿ.”

ಮೂರು ಸಲ ಎಣಿಸಿದೆ, ಹನ್ನೊಂದೇ. ತಟ್ಟೆಯ ತೂತುಗಳೂ ಹನ್ನೊಂದು. ಅವರು ಪುಸ್ತಕದ ಚಿತ್ರದ ಮೇಲೆ ಕಿರುಬೆರಳು ಆಡಿಸಿ ಎಣಿಸಿದರು: ಹದಿನಾಲ್ಕು.

“ಬಾಳಾಸಾಬ, ಪುಸ್ತಕ ಈ ಗಾಡೀದೈತಿ, ಈ ಗೇರಿಂದಲ್ರಿ. ಯಾರೋ ಯಾವಾಗೋ ಗೇರ್ ಬದಲಿ ಮಾಡ್ಯಾರ.”

ಬಾಳಾಸಾಬರು ನಕ್ಕರು. ಆದರೂ ಮನೆಗೆ ಫೋನು ಮಾಡಿ ತಾಯಿಯನ್ನು ಕೇಳಿದರು. ಆಕೆಯ ದನಿ ನನಗೂ ಕೇಳುವಷ್ಟು ಗಟ್ಟಿ: “ಹೂಂ, ನೀ ಹೊಟ್ಟ್ಯಾಗಿದ್ದಿ, ನಿಮ್ಮಪ್ಪ ಮುಂಬೈಗೆ ಒಯ್ದು ಯಾವದೋ ಮುರದ ಮೋಡಕಾ ಗಾಡೀದು ಗೇರ್ ಹಾಕಿಸ್ಕೊಂಡ ಬಂದ್ರು. ಆ ತಿಂಗಳ ಪೂರಾ ಗಾಡಿ ಇಲ್ದ ನಾ ಎತ್ತಿನ ಬಂಡ್ಯಾಗ ತವರಿಗೆ ಹ್ವಾದೆ!”

ಮಿಸ್ತ್ರಿಗಳು ಇಡೀ ಒಂದು ದಿನ ಗೇರಿನ ಮೈಯ ಜಿಡ್ಡು ಕೆರೆದು, ಅದರ ಕೆಳಗೆ ಎರಕದಲ್ಲೇ ಮೂಡಿದ್ದ ಅಂಕಿಗಳನ್ನು ಹೊರಗೆ ತಂದರು. ನೀಲಮ ಅದರ ಫೋಟೋ ತೆಗೆದು ಪುಣೆಯ ಹಳೆ ಗಾಡಿಗಳ ಮಿಸ್ತ್ರಿಯೊಬ್ಬರಿಗೆ ಕಳಿಸಿದಳು. ಉತ್ತರ ಬಂತು: ಇದಕ್ಕೆ ಬೇಕಾದದ್ದು ಟೈಪ್ ಎಫ್ ಎಂಬ ಎಣ್ಣೆ, ಅದೂ ಕೆಂಪೇ, ಆದರೆ ಗುಣ ಬೇರೆ. ಕಳಿಸಬಲ್ಲೆ, ಸೋಮವಾರ ಮುಟ್ಟುತ್ತದೆ.

ಆಗ ನಡೆದ ಜಗಳವನ್ನು ನಾನು ಮರೆತಿಲ್ಲ.

“ಒಂದ ದಿನದ ಮಾತೋ ಮಿಸ್ತ್ರೀ! ರವಿವಾರಕ್ಕ ಇದ್ದದ್ದ ಹಾಕು, ಸೋಮವಾರ ಇಳಿಸಿ ನಿನ್ನ ಅಮೃತ ಹಾಕು.”

“ಒಳಗ ತಾಟಗೋಳ ಅದಾವ್ರಿ. ಅವು ಒಂದಕ್ಕೊಂದು ಗಟ್ಟಿ ಹಿಡದ್ರ ಗಾಡಿ ಹೋಗತೈತಿ. ಆ ಟೈಪ್ ಎಫ್ ಎಣ್ಣಿ ಹಿಡಸತೈತಿ, ಈ ಸ್ಟೇರಿಂಗಿನ ಎಣ್ಣಿ ಜಾರಸತೈತಿ. ಕೊಲ್ಹಾಪುರದ ಗದ್ದಲದಾಗ ನಿಂತ ನಿಂತ ಹೋಗೂದು ಅಂದ್ರ ಅವು ಜಾರಿ ಸುಡತಾವು. ಸುಟ್ಟ ಮ್ಯಾಲ ಇಂಥಾ ಗೇರ್ ಎಲ್ಲಿಂದ ತರೂನ್ರಿ?”

“ಕೆಂಪೆಣ್ಣಿ ಅಂತ ಊರ ಮಂದಿ ಸುಮ್ಮ ಕರಿಯೂದಿಲ್ಲ ನಿನ್ನ!”

ಮಿಸ್ತ್ರಿಗಳ ಕತ್ತು ಕೆಂಪಗಾದದ್ದು ನನಗೆ ಕಂಡಿತು. ದನಿ ಮಾತ್ರ ಏರಲಿಲ್ಲ. ಕೋಟಿನ ಒಳಗಿನ ಕಿಸೆಯಿಂದ ಗಾಡಿಯ ಕೀಲಿ ತೆಗೆದು ಬೆಂಚಿನ ಮೇಲಿಟ್ಟರು. “ಖರೇನ ಕರೀತಾರ್ರಿ. ಅದಕ್ಕ ಹಾಕೂದಿಲ್ಲ. ಒಯ್ಯೂದಿದ್ರ ಹಿಂಗ ಒಣಾ ಒಯ್ರಿ, ಬ್ಯಾರೆಯವ್ರ ಹಾಕಲಿ. ನನ್ನ ಕೈಲೆ ಎರಡನೇದು ಸುಡೂದು ಬ್ಯಾಡ.”

ಬಾಳಾಸಾಬರು ಕೀಲಿ ಮುಟ್ಟದೆ ಹೊರಟುಹೋದರು. ಮೆರವಣಿಗೆ ತಪ್ಪಿತು. ರವಿವಾರ ಮಿಸ್ತ್ರಿಗಳು ರಜೆ ಮಾಡಲಿಲ್ಲ. ಗೇರಿನ ಮುಂದಿನ ಡೋಲಿನಂಥ ಭಾಗದಲ್ಲಿ ಹಳೆಯ ಎಣ್ಣೆ ಒಂದು ಲೋಟದಷ್ಟು ಉಳಿದರೂ ಹೊಸದು ಕೆಡುತ್ತದೆಂದು ಅದನ್ನು ಬಗ್ಗಿಸಿ ಬಗ್ಗಿಸಿ ಸೋಸಿದರು, ಹನಿ ನಿಂತಿತೆಂದು ನಾನು ಎರಡು ಸಲ ಹೇಳಿದ ಮೇಲೂ.

ಸೋಮವಾರ ಎಣ್ಣೆ ಬಂತು. ಟ್ರ್ಯಾಕ್ಟರಿನಲ್ಲಿ ಇಂಜಿನ್ನು ಆರಿಸಿ ಎಣ್ಣೆ ನೋಡುವುದು ನಮ್ಮವರ ರೂಢಿ. ಈ ಗೇರಿನಲ್ಲಿ ಹಾಗೆ ನೋಡಿದರೆ ಕಡಿಮೆ ಇದ್ದರೂ ತುಂಬಿದಂತೆ ಕಾಣುತ್ತದಂತೆ. ಇಂಜಿನ್ನು ನಡೆಸಿಟ್ಟು, ಬಿಸಿ ಮಾಡಿ, ಗೇರಿನ ಹಿಡಿಯನ್ನು ಒಂದೊಂದು ಗೇರಿಗೂ ಎಳೆದು, ಕಡ್ಡಿ ಒರೆಸಿ ಅಳೆದು, ಮತ್ತೊಂದಿಷ್ಟು ಸುರಿದು, ಮತ್ತೆ ಅಳೆದರು. ಆಮೇಲೆ ನನ್ನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಅಂಕಲಿಯವರೆಗೆ ಹೋಗಿ ಬಂದರು. ಗೇರು ಬದಲಾದಾಗಲೆಲ್ಲ ಯಾರೋ ಬೆನ್ನಿಗೆ ಹಗುರಾಗಿ ತಟ್ಟಿದ ಹಾಗೆ. ಪ್ರತಿ ತಟ್ಟಿಗೂ ಅವರ ಭುಜ ಒಂದೊಂದು ಬೆರಳಿನಷ್ಟು ಸಡಿಲಾಯಿತು.

ಬಾಳಾಸಾಬರು ಬುಧವಾರ ಬಂದು ತಾವೇ ಓಡಿಸಿ ನೋಡಿದರು. ಇಳಿದು, ಮುಖ ಬೇರೆ ಕಡೆ ಮಾಡಿ, “ಮೆರವಣಿಗಿ ಮುಂದಿನ ವರ್ಷನೂ ಐತಿ ಬಿಡ್ರಿ,” ಎಂದರು. ಬಹುವಚನ ಮರಳಿ ಬಂದದ್ದನ್ನು ಮಿಸ್ತ್ರಿಗಳು ಗಮನಿಸಿದರೋ ಇಲ್ಲವೋ. ಅವರು ಆಗಲೇ ಬೆಂಚಿಗೆ ತಿರುಗಿದ್ದರು.

ಅಲ್ಲಿ ಅಂಗೈಯಗಲದ ಹಿತ್ತಾಳೆ ತಗಡೊಂದನ್ನು ಇಟ್ಟುಕೊಂಡು, ಮೊಳೆಯ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಏನೋ ಕುಟ್ಟತೊಡಗಿದರು. ಒಂದು ತಾಸು ಹಿಡಿಯಿತು. ಎಣ್ಣೆ ಸುರಿಯುವ ಕೊಳವೆಗೆ ಅದನ್ನು ತಂತಿಯಿಂದ ಬಿಗಿಯುವ ಮೊದಲು ನನ್ನ ಕೈಗೆ ಕೊಟ್ಟರು. ಮುಂದೆ ಕೆಲವೇ ದಿನಕ್ಕೆ, ದೀಪಾವಳಿಗೆ, ನನ್ನ ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟೆ. ತಗಡು ಕೊಡುತ್ತ ಅವರು ಕೇಳಿದ್ದೇ ನನ್ನನ್ನು ಕೇಳಿದ ಕೊನೆಯ ಪ್ರಶ್ನೆ.

“ಮಾವಶಿ, ನಿಮಗ ಇದು ಓದಾಕ ಬರತೈತೇನ್ರಿ?”

ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ: “ಪುಸ್ತಕ ನೋಡಬ್ಯಾಡ್ರಿ. ಇದಕ್ಕ ಟೈಪ್ ಎಫ್ ಎಣ್ಣಿ. ಇಂಜಿನ್ ಚಾಲೂ ಇಟ್ಟ ಅಳೀರಿ.” ಅವರು ಹೂಂ ಎಂದು ತಗಡು ಕಟ್ಟಿದರು. ಕೈ ಕೆಲಸದವರಲ್ಲಿ ಇಂಥವರೊಂದು ಕುಲವಿದೆ. ತಮ್ಮ ತಪ್ಪನ್ನು ಅವರು ಮುಚ್ಚುವುದಿಲ್ಲ, ತಮ್ಮ ಸರಿಯನ್ನು ಡಂಗುರ ಸಾರುವುದೂ ಇಲ್ಲ. ತಾವು ಸತ್ತ ಮೇಲೆ, ಎಂದೋ ಒಂದು ದಿನ ಅವಸರದಲ್ಲಿ ಅದೇ ಕೊಳವೆಯ ಮುಚ್ಚಳ ತೆಗೆಯಲಿರುವ ಮುಖ ಕಾಣದ ಇನ್ನೊಬ್ಬನಿಗಾಗಿ ತಾಸುಗಟ್ಟಲೆ ಕೂತು ಅಕ್ಷರ ಕುಟ್ಟುತ್ತಾರೆ.